ಬ್ಯಾಡ್ಜು ಬರೆಯುವ ಕೆಲಸ

ನನ್ನ ಅಕ್ಷರ ದುಂಡಗೆ ಅಂತ
ಬ್ಯಾಡ್ಜು ಬರೆಯುವ ಕೆಲಸ ಪ್ರತಿ ವರ್ಷ ನನಗೇ.
ನೂರಾ ಹದಿನೆಂಟು ಹೆಸರು, ಒಂದೊಂದಕ್ಕೂ ಪಿನ್ನು.
ಬಂದರಿನ ಅಂಗಡಿಯ ಶಟರು ಅರ್ಧ ಎಳೆದು
ಮೊಳೆ ಡಬ್ಬಿಗಳ ನಡುವೆ ಕೂತಿದ್ದೇನೆ.

ಪತ್ತೇದಾರ ವಿಭಾಕರನ ಓದುಗರು ನಾವು.
ವರ್ಷಕ್ಕೊಮ್ಮೆ ಬಿಜೈಯ ಹಾಲಿನಲ್ಲಿ ಸೇರಿ
ಯಾವ ಕಾದಂಬರಿಯಲ್ಲಿ ಯಾವ ಬೀಡಿಯ ತುಂಡು
ಯಾರನ್ನು ಹಿಡಿದುಕೊಟ್ಟಿತು ಅಂತ ಜಗಳಾಡುತ್ತೇವೆ,
ಗೆದ್ದವನಿಗೊಂದು ಭೂತಗನ್ನಡಿ.
ಹೋದ ವರ್ಷದ್ದು ನನ್ನ ಗಲ್ಲಾದ ಮೇಲಿದೆ.

ಈ ಸಲ ಬರೆದವರೇ ಬರುತ್ತಾರೆ,
ಚಿದಂಬರ ಕೆದಿಲಾಯರು. ಎಂಬತ್ತೊಂದು.
ಮೊಣಕಾಲು ನೋವಂತೆ, ವೇದಿಕೆ ಹತ್ತಲಾರರಂತೆ,
ಕುರ್ಚಿ ಕೆಳಗೇ ಹಾಕಬೇಕಂತೆ.
ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಬೋಟು ಹತ್ತಿದ ನನಗೆ
ಓದಿನ ಹುಚ್ಚು ಹತ್ತಿಸಿದ ಮನುಷ್ಯ.
ಐಸು ಪೆಟ್ಟಿಗೆಯ ಮೇಲೆ ಕೂತು, ಟಾರ್ಚಿನ ಬೆಳಕಲ್ಲಿ
ನಲವತ್ತೇಳನ್ನೂ ಮುಗಿಸಿದೆ.
ಕಡಲು ಎತ್ತಿ ಎತ್ತಿ ಹಾಕುವಾಗಲೂ
ಪುಟ ಬಿಡಲಿಲ್ಲ ಬೆರಳು.

ಆಮೇಲೆ ಸೆವ್ರಿನ್ ಲೋಬೊ ಹೇಳಿದರು.
ಫಳ್ನೀರಿನ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವರು,
ಆಗ ಇಪ್ಪತ್ತೆರಡು.
ಕಾಗದದ ರೀಮು ಪೇರಿಸಿದ ಕೋಣೆ,
ಒಳಗಿನಿಂದ ಹಾಕಿದ ಚಿಲಕ.
ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ.
ಅದಕ್ಕಿಂತ ಹೆಚ್ಚು ಬೇಕು ಅಂದವರೇ ಎಲ್ಲರೂ.

ಕಮಿಟಿ ಕೂತಿತು. ಚಾ ತಣಿಯಿತು.
"ನಲವತ್ತು ವರ್ಷ ಬಾಯಿಗೆ ಬೀಗವಾ?" ಅಂದ ವಾಮನ ಬಾಳಿಗ.
"ಪುಸ್ತಕ ಬೇರೆ, ಮನುಷ್ಯ ಬೇರೆ ಮಾರಾಯ,
ಮೀನು ತಿನ್ನುವವ ಬಲೆ ಹಾಕಿದವನ ಜಾತಕ ಕೇಳ್ತಾನಾ?"
ಬಂಗೇರರ ಮಾತಿಗೆ ಒಂದಿಬ್ಬರು ನಕ್ಕರು.
ನಫೀಸಾ ಟೀಚರು ಬಹಳ ಹೊತ್ತು ಸುಮ್ಮನಿದ್ದು
"ಶಾಲು ಹೊದೆಸುವುದು ಯಾರಿಗೆ, ಪುಸ್ತಕಕ್ಕಾ?" ಅಂದರು.
ಹಾಲಿಗೆ ಮುಂಗಡ ಕೊಟ್ಟಾಗಿತ್ತು. ಬನ್ಸಿಗೂ ಹೇಳಿ ಆಗಿತ್ತು.
ಕೈ ಎತ್ತಿಸಿದರು: ಬರಲಿ ಅಂದವರು ಐದು, ಬೇಡ ಅಂದವರು ಮೂರು.
ನಾನು ಯಾವ ಕಡೆ ಅಂತ ಕೇಳಬೇಡಿ.
ಕೇಳಿ.
ಐದರ ಕಡೆ.

ಈಗ ತೊಂಬತ್ತಮೂರನೆಯ ಹೆಸರು.
ಇನ್ನೂರೈವತ್ತು ಕಟ್ಟಿದ್ದಾರೆ, ರಸೀದಿ ಉಂಟು:
ಸೆವ್ರಿನ್ ಲೋಬೊ, ಕುಲಶೇಖರ.
ವಿಶೇಷ ಸೂಚನೆ ಎಂಬಲ್ಲಿ,
"ಮುಂದಿನ ಸಾಲಿನ ಕುರ್ಚಿ. ಕಣ್ಣು ಮಂದ."
ನಾವು ಅಚ್ಚು ಹಾಕಿಸಿದ 'ಸಮಾವೇಷ'ದ ಷ ಹೊಡೆದು
ಅಂಚಿನಲ್ಲಿ ಕೆಂಪು ಶಾಯಿಯ ಒಂದು ಶ.
ಮಂದ ಕಣ್ಣು.

ಎದ್ದು ಕಪಾಟು ತೆಗೆದೆ.
ಒಂಬತ್ತನೆಯದರಲ್ಲಿ ಟೈಪಿಸ್ಟ್ ಹುಡುಗಿ ಸುಳ್ಳು ಹೇಳುತ್ತಾಳೆ.
ಹದಿನಾಲ್ಕರಲ್ಲಿ ನರ್ಸು. ಹದಿನೇಳರಲ್ಲಿ
ಟೆಲಿಫೋನು ಎಕ್ಸ್‌ಚೇಂಜಿನವಳು.
ಒಳಗಿನಿಂದ ಚಿಲಕ ಹಾಕಿತ್ತು ಅಂತ ಅತ್ತಾಗ
ವಿಭಾಕರ ಸಿಗರೇಟು ಹಚ್ಚಿ ನಗುತ್ತಾನೆ:
"ಚಿಲಕಕ್ಕೆ ನಿಮ್ಮ ಕೈಯೂ ಎಟಕುತ್ತದಲ್ಲ, ಮಿಸ್?"
ಆ ಸಾಲಿಗೆ ಬೋಟಿನಲ್ಲಿ ನಾನು ತೊಡೆ ತಟ್ಟಿಕೊಂಡಿದ್ದೆ.
ಈ ಕರಡುಗಳನ್ನೂ ಅವರೇ ತಿದ್ದಿರಬೇಕು.
ಒಂದು ಕಾಗುಣಿತ ತಪ್ಪಿಲ್ಲ.

ನಲವತ್ತೇಳು ಪುಸ್ತಕ, ಎಲ್ಲ ಸುಳಿವು ಬಾಯಿಪಾಠ,
ಭೂತಗನ್ನಡಿ ಗೆದ್ದವನು.

ಸೆವ್ರಿನ್ನೋ ಸೆವೆರಿನ್ನೋ?
ರಸೀದಿ ನೋಡಿ ಬರೆದೆ. ವಕಾರದ ಕೆಳಗಿನ ಒತ್ತು ಸೊಟ್ಟಗಾಯಿತು.
ಹರಿದೆ. ಇನ್ನೊಂದರಲ್ಲಿ ಶಾಯಿ ಹಬ್ಬಿತು.
ತಪ್ಪಿದರೆ ಅವರಿಗೆ ತಿಳಿಯುತ್ತದೆ,
ಬಾಗಿಲಲ್ಲಿ ನಿಂತು ಪಿನ್ನು ಕೊಡುವವನೂ ನಾನೇ.
ವೇದಿಕೆ ಇಲ್ಲ. ಮುಂದಿನ ಸಾಲಿಗೂ ಅವರ ಕುರ್ಚಿಗೂ
ಆರಡಿ, ಒಂದೇ ಎತ್ತರ.

ದಕ್ಕೆಯಲ್ಲಿ ಬೋಟುಗಳು ಎಂಜಿನು ಹತ್ತಿಸುತ್ತಿವೆ.
ನಾಲ್ಕನೇ ಕಾರ್ಡಿನಲ್ಲಿ ಹೆಸರು ನೆಟ್ಟಗೆ ಬಂತು.
ಅತಿಥಿಯದ್ದು ಇನ್ನೂ ಬರೆದಿಲ್ಲ.